ಎರಡು ಹೊಳೆ, ಎರಡು ಮಳೆಗಾಲ: ರಾರಾವಿಯ ದಾರಿ

ಸೆಪ್ಟೆಂಬರ್ ಕೊನೆಗೆ ಸಿರುಗುಪ್ಪದಿಂದ ಆಂಧ್ರದ ಆದೋನಿಗೆ ಹೊರಟವರು ತಲೆ ಮೇಲಿನ ಆಕಾಶ ನೋಡಿದರೆ ಸಾಲದು. ಬಿಸಿಲು ಚುರುಗುಟ್ಟುತ್ತಿರಬಹುದು, ಮೋಡದ ಸುಳಿವೇ ಇಲ್ಲದಿರಬಹುದು. ಆದರೂ ರಾರಾವಿ ಬಳಿ ವೇದಾವತಿ ದಡ ತುಂಬಿ ಹರಿದು ರಸ್ತೆ ಬಂದ್ ಆಗಿರಬಹುದು. ಈ ಸೀಮೆಯವರ ಬಾಯಲ್ಲಿ ಈ ನದಿ ಹಗರಿ. ಹೊರಡುವ ಮುಂಚೆ ಆಚೆ ಊರಿನ ನೆಂಟರಿಗೆ ಫೋನ್ ಹಚ್ಚಿ ಕೇಳುವುದು ಒಂದೇ ಮಾತು: ‘ಹೊಳಿ ಬಂದೈತೇನಪಾ?’

ಸಿರುಗುಪ್ಪ ತಾಲ್ಲೂಕಿನ ಒಂದು ಮಗ್ಗುಲಿಗೆ ತುಂಗಭದ್ರೆ, ಇನ್ನೊಂದು ಮಗ್ಗುಲಿಗೆ ಹಗರಿ. ಎರಡೂ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಬೆಟ್ಟಗಳಲ್ಲಿ. ತುಂಗೆ, ಭದ್ರೆಯರದು ಪಶ್ಚಿಮದ ಗಂಗಾಮೂಲದ ದಟ್ಟ ಕಾಡು. ಮುಂಗಾರು ಅಲ್ಲಿ ಹಗಲಿರುಳು ಸುರಿಯುತ್ತದೆ. ಪಕ್ಕದ ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ವರ್ಷದ ಮಳೆ ಸುಮಾರು 7000 ಮಿಲಿಮೀಟರ್. ವೇದಾ ಮತ್ತು ಆವತಿ ಹೊಳೆಗಳು ಇಳಿಯುವುದು ಚಂದ್ರದ್ರೋಣ ಪರ್ವತದ ಪೂರ್ವದ ಇಳಿಜಾರಿನಿಂದ. ಕಡೂರು ಬಳಿ ಕೂಡಿ ವೇದಾವತಿಯಾಗಿ, ಚಿತ್ರದುರ್ಗದ ಒಣಭೂಮಿಯನ್ನು ಹಾದು, ಆಂಧ್ರದ ಅನಂತಪುರ ಜಿಲ್ಲೆಯ ಭೈರವಾನಿತಿಪ್ಪ ಜಲಾಶಯವನ್ನು ದಾಟಿ, ಮತ್ತೆ ಬಳ್ಳಾರಿ ಸೀಮೆಗೆ ಬರುತ್ತವೆ. ಹೀಗೆ ಒಂದೇ ಜಿಲ್ಲೆಯಲ್ಲಿ ಹುಟ್ಟಿ ಬೇರೆ ಬೇರೆ ದಾರಿ ಹಿಡಿದ ನೀರು, ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚು ಎನ್ನುವಂಥ ಈ ಬಯಲಿನಲ್ಲಿ ಒಂದಾಗುತ್ತದೆ.

ಅದಕ್ಕೇ ಇಲ್ಲಿನ ಪ್ರಯಾಣಿಕರಿಗೆ ಮಳೆಗಾಲ ಎರಡು. ಜುಲೈ, ಆಗಸ್ಟ್‌ನಲ್ಲಿ ಮಲೆನಾಡು ತೊಯ್ದು ಹೊಸಪೇಟೆಯ ತುಂಗಭದ್ರಾ ಅಣೆಕಟ್ಟು ತುಂಬುತ್ತದೆ. ಗೇಟುಗಳಿಂದ ನದಿಗೆ ಬಿಡುವ ನೀರು ಲಕ್ಷ ಕ್ಯುಸೆಕ್ ಮೀರಿತೆಂದರೆ ಕಂಪ್ಲಿ–ಗಂಗಾವತಿ ಸೇತುವೆಯ ಮೇಲೆ ಓಡಾಟ ನಿಲ್ಲುವ ಹೊತ್ತು ಬಂತೆಂದೇ ಅರ್ಥ. ನದಿದಂಡೆಯ ಭತ್ತದ ಗದ್ದೆಗಳಿಗೂ ನೀರು ನುಗ್ಗುತ್ತದೆ. ಅದು ತಗ್ಗಿ ಜನ ಉಸಿರು ಬಿಡುವಷ್ಟರಲ್ಲಿ ಉತ್ತರೆ, ಹಸ್ತ, ಚಿತ್ತಿ ಮಳೆಗಳ ಸರದಿ. ಬಳ್ಳಾರಿಗೆ ನಿಜವಾದ ಮಳೆ ಆಗಲೇ. ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ಒಳನಾಡಿಗೆ ಸರಿದರೆ ಅನಂತಪುರ, ಚಿತ್ರದುರ್ಗದ ಕೆರೆಗಳು ಕೋಡಿ ಬೀಳುತ್ತವೆ, ಮೊಳಕಾಲ್ಮುರು ಕಡೆಯ ಚಿನ್ನ ಹಗರಿಯೂ ಉಕ್ಕುತ್ತದೆ. ಆ ನೀರೆಲ್ಲ ಕೊನೆಗೆ ಬರುವುದು ರಾರಾವಿಗೆ. ಮೊದಲ ಮಳೆಗಾಲ ಪಶ್ಚಿಮದ ದಾರಿಗಳನ್ನು ಕಟ್ಟಿದರೆ, ಎರಡನೆಯದು ಪೂರ್ವದ ದಾರಿಯನ್ನು ಕಟ್ಟುತ್ತದೆ.

ಎರಡೂ ಒಟ್ಟಿಗೆ ಬಂದದ್ದೂ ಉಂಟು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಯನ್ನು ಉತ್ತರ ಕರ್ನಾಟಕ ಮರೆತಿಲ್ಲ. ಸಿರುಗುಪ್ಪ ತಾಲ್ಲೂಕಿನ ಹೊಳೆಸಾಲಿನ ಊರುಗಳು ನೀರಲ್ಲಿ ನಿಂತವು. ಕೆಳಗಡೆ ಮಂತ್ರಾಲಯ, ಕರ್ನೂಲು ಮುಳುಗಿದವು. ಆಮೇಲೆ ಸರ್ಕಾರ ‘ಆಸರೆ’ ಹೆಸರಿನಲ್ಲಿ ನೆರೆಸಂತ್ರಸ್ತರಿಗೆ ಮನೆ ಕಟ್ಟಿಸಿತು.

2022ರ ಕಥೆ ಬೇರೆ. ಆ ವರ್ಷ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತು. ಹಿರಿಯೂರಿನವರು ಬಾಗಿನ ಅರ್ಪಿಸಿದರು, ನೋಡಲು ಜಾತ್ರೆಯಂತೆ ಜನ ಸೇರಿದರು. ಮೇಲಿನವರ ಹಬ್ಬದ ಭಾರವನ್ನು ಕೆಳಗಿನವರು ಹೊತ್ತರು ಎಂದೇ ನನಗನಿಸುತ್ತದೆ. ಬಳ್ಳಾರಿ ಹತ್ತಿರ ವೇದಾವತಿಯನ್ನು ದಾಟುವ ತುಂಗಭದ್ರಾ ಕೆಳಮಟ್ಟದ ಕಾಲುವೆಯ ಮೇಲ್ಗಾಲುವೆಯ ಕಂಬವೊಂದು ಕುಸಿಯಿತು. ಕಾಲುವೆಗೆ ನೀರು ನಿಂತಿತು. ಹೊಳೆಯಲ್ಲಿ ಬೇಡದಷ್ಟು ನೀರು, ಹೊಲದ ಭತ್ತ, ಮೆಣಸಿನ ಗಿಡಕ್ಕೆ ಹನಿ ನೀರಿಲ್ಲ. ಆಗಿನ ಸಾರಿಗೆ ಸಚಿವ ಬಿ. ಶ್ರೀರಾಮುಲು ಅಲ್ಲೇ ಠಿಕಾಣಿ ಹೂಡಿ ದುರಸ್ತಿ ಮಾಡಿಸಬೇಕಾಯಿತು. ಮರುವರ್ಷ, 2023ರಲ್ಲಿ, ರಾಜ್ಯಕ್ಕೆ ಬರ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ಬೆಳಗಾಗುವಷ್ಟರಲ್ಲಿ ನದಿದಂಡೆಯ ಊರುಗಳಿಗೆ ಎಚ್ಚರಿಕೆ ಹೋಯಿತು. ಯಾವ ಹವಾಮಾನ ವರದಿಯೂ ಮುಂಚೆ ಹೇಳಲಾಗದ ಪ್ರವಾಹ ಅದು.

ಬೇಸಿಗೆಯಲ್ಲಿ ಇದೇ ಹಗರಿ ಅಗಲವಾದ ಮರಳಿನ ಹಾಸು. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತಿಳಿದವರು ನಸುಕಿನ ಬಸ್ಸು ಹಿಡಿಯುತ್ತಾರೆ, ಇಲ್ಲವೇ ಹೊತ್ತು ಇಳಿಯುವವರೆಗೆ ಕಾಯುತ್ತಾರೆ. ಮುಂಗಾರಿನ ಗಾಳಿ ಎದ್ದಾಗ ಹೊಳೆಯ ಮರಳು ಹಾರಿ ಪೂರ್ವದ ದಂಡೆಯ ಹೊಲಗಳ ಮೇಲೆ ದಿಬ್ಬವಾಗಿ ಕೂರುತ್ತಿದ್ದುದನ್ನು ಡಬ್ಲ್ಯೂ. ಫ್ರಾನ್ಸಿಸ್ 1904ರ ಬಳ್ಳಾರಿ ಗೆಜೆಟಿಯರ್‌ನಲ್ಲಿ ದಾಖಲಿಸಿದ್ದಾನೆ. ಇನ್ನು ಎರೆಭೂಮಿಯ ಒಳದಾರಿಗಳು: ಒಂದು ಹದ ಮಳೆ ಬಿದ್ದರೆ ಸಾಕು, ಮಣ್ಣು ಕಾಲಿಗೆ ಮೆತ್ತಿ ಹೆಜ್ಜೆ ಹೆಜ್ಜೆಗೂ ಭಾರವಾಗುತ್ತದೆ, ಬೈಕಿನ ಚಕ್ರ ತಿರುಗುವುದಿಲ್ಲ. ಕಳೆ ತೆಗೆಯಲು, ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದೇ ನಡೆಯಬೇಕು.

ರಾರಾವಿ ದಾರಿ ಕಟ್ಟಿದರೆ ನಷ್ಟವೇನು ಎಂದು ಬಳ್ಳಾರಿಯಲ್ಲಿ ಕೂತವರಿಗೆ ಅನಿಸಬಹುದು. ಆದೋನಿ ಹತ್ತಿಗೆ ದೊಡ್ಡ ಮಾರುಕಟ್ಟೆ. ಗಡಿಯ ಎರಡೂ ಕಡೆ ಮದುವೆ ಸಂಬಂಧ, ಆಸ್ಪತ್ರೆ, ವ್ಯಾಪಾರ ಎಲ್ಲವೂ ಬೆಸೆದುಕೊಂಡಿವೆ. ಕನ್ನಡ, ತೆಲುಗು ಒಂದೇ ಅಂಗಳದಲ್ಲಿ ಮಾತಾಗುತ್ತವೆ. ಹಸ್ತ, ಚಿತ್ತಿ ಮಳೆಯ ಹಿಂದೆಯೇ ಹತ್ತಿ ಒಡೆಯತೊಡಗುತ್ತದೆ. ಆಗ ದಾರಿ ನಿಂತರೆ ಬಳ್ಳಾರಿಗೆ ಹೋಗಿ, ಅಲ್ಲಿಂದ ಆಲೂರಿನ ಮೇಲೆ ಬಳಸಬೇಕು. ಅದು ನೂರು ಕಿಲೋಮೀಟರ್ ಮೀರಿದ ಸುತ್ತು. ಸಿರುಗುಪ್ಪಕ್ಕೆ ರೈಲೂ ಇಲ್ಲ. ಬಾಡಿಗೆ ಗಾಡಿಯ ಹೆಚ್ಚುವರಿ ಖರ್ಚು ರೈತನ ಮೇಲೆಯೇ ಬೀಳುತ್ತದೆ.

ಮಳೆಯ ಮಾಹಿತಿಗೆ ಕೊರತೆಯಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ, ‘ವರುಣಮಿತ್ರ’ ಸಹಾಯವಾಣಿ ಇದೆ, ಹವಾಮಾನ ಇಲಾಖೆ ಜಿಲ್ಲೆಗೊಂದು ಹಳದಿ, ಕಿತ್ತಳೆ ಬಣ್ಣ ಹಚ್ಚುತ್ತದೆ. ಆದರೆ ರಾರಾವಿಯ ಮಾಪಕದಲ್ಲಿ ಸೊನ್ನೆ ಇದ್ದಾಗಲೂ ರಾರಾವಿಯ ದಾರಿ ಮುಳುಗಬಲ್ಲದು. ನದಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ, ರಾಜ್ಯದ ಗಡಿಯೂ ಗೊತ್ತಿಲ್ಲ. ಹೊಳೆಸಾಲಿನವರಿಗೆ ಬೇಕಾದ ಸುದ್ದಿ ಸರಳವಾದದ್ದು: ಭೈರವಾನಿತಿಪ್ಪದ ಗೇಟು ಎಷ್ಟು ಹೊತ್ತಿಗೆ ತೆರೆದರು, ಆ ನೀರು ರಾರಾವಿ ಮುಟ್ಟಲು ಎಷ್ಟು ತಾಸು ಬೇಕು, ಯಾವ ಬಸ್ಸು ಕೊನೆಯದು, ನೀರು ಇಳಿದ ಮೇಲೆ ಸೇತುವೆ ಪರೀಕ್ಷಿಸಿ ಓಡಾಟಕ್ಕೆ ಯಾವಾಗ ಬಿಡುತ್ತಾರೆ. ಕ್ಯುಸೆಕ್ ಲೆಕ್ಕ ಎಂಜಿನಿಯರುಗಳಿಗಿರಲಿ. ಸಿರುಗುಪ್ಪ ಮತ್ತು ಆದೋನಿ ಬಸ್ ನಿಲ್ದಾಣಗಳ ಹಲಗೆಯ ಮೇಲೆ ಈ ನಾಲ್ಕು ಸಂಗತಿ, ಕನ್ನಡದಲ್ಲೂ ತೆಲುಗಿನಲ್ಲೂ, ಉತ್ತರೆ ಮಳೆ ಹಿಡಿದಂದಿನಿಂದ ಸ್ವಾತಿ ಮುಗಿಯುವವರೆಗೆ ದಿನಾ ಬರೆದಿಡುವುದು ಎರಡು ಜಿಲ್ಲಾಡಳಿತಗಳ ಕೈಯಲ್ಲಿ ಖಂಡಿತ ಆಗುವ ಕೆಲಸ.