ಬದುಕಿದ್ದವಳಿಗೇ ಶ್ರಾದ್ಧ: ‘ಘಟಶ್ರಾದ್ಧ’ ಕೇಳುವ ಪ್ರಶ್ನೆ

ಗಿರೀಶ್ ಕಾಸರವಳ್ಳಿ ಅವರ ಮೊದಲ ಕಥಾಚಿತ್ರ ‘ಘಟಶ್ರಾದ್ಧ’ 1977ರಲ್ಲಿ ತಯಾರಾಗಿ, ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಅದರ ಪುನರುಜ್ಜೀವಿತ ಪ್ರತಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಈ ಕಪ್ಪು ಬಿಳುಪು ಚಿತ್ರವನ್ನು ಮೊದಲ ಬಾರಿಗೆ ನೋಡುವವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದು: ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುವುದೆಂದರೇನು? ಹಾಗೆ ಮಾಡಲು ಶಾಸ್ತ್ರ ಹೇಳಿತ್ತೆ?

ಯು.ಆರ್. ಅನಂತಮೂರ್ತಿ ಅವರ ಕಥೆಯನ್ನು ಆಧರಿಸಿದ ಈ ಚಿತ್ರದ ಕಾಲ ಸ್ವಾತಂತ್ರ್ಯಪೂರ್ವದ್ದು. ಉಡುಪರ ವೇದಪಾಠಶಾಲೆಗೆ ಓದಲು ಬಂದ ಬಾಲಕ ನಾಣಿಗೆ ಆಸರೆಯಾಗುವವಳು ಅವರ ಮಗಳು, ಬಾಲವಿಧವೆ ಯಮುನಾ. ಊರಿನ ಶಾಲಾ ಮೇಷ್ಟರೊಬ್ಬನ ಸಂಗದಿಂದ ಆಕೆ ಗರ್ಭಿಣಿಯಾಗುತ್ತಾಳೆ. ಸಂಗತಿ ಬಯಲಾದಾಗ ಅಗ್ರಹಾರದ ಕಟ್ಟುಪಾಡಿಗೆ ಮಣಿದ ತಂದೆ ಮಗಳ ಘಟಶ್ರಾದ್ಧ ನೆರವೇರಿಸುತ್ತಾರೆ. ಮೇಷ್ಟರು ಯಾವ ಪ್ರಾಯಶ್ಚಿತ್ತವೂ ಇಲ್ಲದೆ ಊರು ಬಿಡುತ್ತಾನೆ.

ಈ ಕ್ರಿಯೆಯ ಬೇರು ಧರ್ಮಶಾಸ್ತ್ರಗಳಲ್ಲಿದೆ. ಮನುಸ್ಮೃತಿಯ 11ನೇ ಅಧ್ಯಾಯದ ಪ್ರಕಾರ, ಪತಿತನಾದವನಿಗೆ ಬಂಧುಗಳು ಸತ್ತವನಿಗೆ ಕೊಡುವಂತೆ ಉದಕ ಕೊಡಬೇಕು. ನೀರು ತುಂಬಿದ ಗಡಿಗೆಯನ್ನು ದಾಸಿಯೊಬ್ಬಳು ಕಾಲಿನಿಂದ ಉರುಳಿಸಬೇಕು. ಅಲ್ಲಿಂದ ಮುಂದೆ ಅವನೊಡನೆ ಮಾತಿಲ್ಲ, ಸಹಪಂಕ್ತಿಯಿಲ್ಲ, ಆಸ್ತಿಯಲ್ಲಿ ಪಾಲಿಲ್ಲ. ಗಡಿಗೆ ಉರುಳಿದರೆ ಸಂಬಂಧ ಹರಿಯಿತೆಂದೇ ಅರ್ಥ.

ಆದರೆ ಅದೇ ಅಧ್ಯಾಯ ಮತ್ತೆರಡು ಮಾತು ಹೇಳುತ್ತದೆ. ಪ್ರಾಯಶ್ಚಿತ್ತ ಮಾಡಿಕೊಂಡವನೊಡನೆ ಬಂಧುಗಳು ಪುಣ್ಯಜಲದಲ್ಲಿ ಮಿಂದು, ಹೊಸ ಗಡಿಗೆಯನ್ನು ನೀರಿಗೆ ಬಿಟ್ಟು ಅವನನ್ನು ಮರಳಿ ಸೇರಿಸಿಕೊಳ್ಳಬಹುದು. ಪತಿತಳು ಹೆಣ್ಣಾದರೆ ಆಕೆಗೆ ಅನ್ನ, ನೀರು, ಬಟ್ಟೆ ಕೊಟ್ಟು ಮನೆಯ ಸಮೀಪದಲ್ಲೇ ಇರಲು ಎಡೆ ಕೊಡಬೇಕು. ಈ ವಿಧಿ ಉದಾರವೇನಲ್ಲ. ಆದರೂ ಹಿಂದಿರುಗುವ ಬಾಗಿಲನ್ನು ಅದು ಪೂರ್ತಿ ಮುಚ್ಚಿರಲಿಲ್ಲ. ಚಿತ್ರದ ಅಗ್ರಹಾರ ಆ ಬಾಗಿಲನ್ನೂ ಮುಚ್ಚಿತು. ಕೊನೆಗೆ ಯಮುನಾ ತಲೆ ಬೋಳಿಸಿಕೊಂಡು ಮರದ ಕೆಳಗೆ ಒಬ್ಬಳೇ ಕುಳಿತಿರುತ್ತಾಳೆ. ಅತ್ತ ವೃದ್ಧ ಉಡುಪರಿಗೆ ಎಳೆಯ ಹುಡುಗಿಯೊಡನೆ ಮರುಮದುವೆಯ ಮಾತು ನಡೆದಿರುತ್ತದೆ. ಶಾಸ್ತ್ರದಲ್ಲಿ ಶಿಕ್ಷೆಯನ್ನಷ್ಟೇ ಆರಿಸಿಕೊಂಡು, ಕರುಣೆಯ ಅಂಶವನ್ನು ಬಿಟ್ಟವರು ಮನುಷ್ಯರೇ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಇದನ್ನೆಲ್ಲ ಪ್ರೇಕ್ಷಕ ಕಾಣುವುದು ನಾಣಿಯ ಕಣ್ಣಿನಿಂದ. ನಡೆಯುತ್ತಿರುವುದರ ಅರ್ಥ ಅವನಿಗೆ ಪೂರ್ತಿ ತಿಳಿಯದು. ತನಗೆ ಅಕ್ಕನಾದವಳನ್ನು ಎಲ್ಲರೂ ಕೈಬಿಟ್ಟರೆಂಬುದು ಮಾತ್ರ ತಿಳಿಯುತ್ತದೆ. ತಂದೆ ಅವನನ್ನು ಕರೆದೊಯ್ಯುವಾಗ ಅವನಿಂದಲೂ ಏನೂ ಮಾಡಲಾಗುವುದಿಲ್ಲ. ಚಿತ್ರಮಂದಿರದಲ್ಲಿ ಕುಳಿತವರನ್ನು ಕಾಡುವುದೂ ಆ ಅಸಹಾಯಕತೆಯೇ.

ಇದು ಮುಗಿದುಹೋದ ಕಾಲದ ಕಥೆ ಎಂದು ಸಮಾಧಾನ ಪಡುವಂತಿಲ್ಲ. ಸಾಮಾಜಿಕ ಬಹಿಷ್ಕಾರವನ್ನು ತಡೆಯಲು ನೆರೆಯ ಮಹಾರಾಷ್ಟ್ರ ಪ್ರತ್ಯೇಕ ಕಾನೂನನ್ನು ಅಂಗೀಕರಿಸಬೇಕಾಗಿ ಬಂದದ್ದು 2016ರಲ್ಲಿ. ಗಡಿಗೆ ಉರುಳಿಸುವ ಕ್ರಿಯೆ ಮರೆತುಹೋಗಿರಬಹುದು. ತಮ್ಮವರನ್ನು ಬದುಕಿರುವಾಗಲೇ ಸತ್ತವರೆಂದು ಎಣಿಸುವ ರೂಢಿ ಇನ್ನೂ ಉಳಿದಿದೆ.