ಸಾಂಕ್ರಾಮಿಕ ಕಾಲದ ಅಂಕಿಗಳು: ಪರೀಕ್ಷೆ ಸಾಕಾಗಿತ್ತೆ?

ರೋಗವೊಂದು ನಾಡಿನಲ್ಲಿ ಹಬ್ಬಿದಾಗ ದಿನದಿನವೂ ಪ್ರಕಟವಾಗುವ ಸೋಂಕಿತರ ಸಂಖ್ಯೆಯು ಮುಂದೆ ಇತಿಹಾಸಕಾರನಿಗೆ ಆಕರವಾಗುತ್ತದೆ. 2020 ಮತ್ತು 2021ರ ಕೊರೋನಾ ಪ್ರಕಟಣೆಗಳು ಈಗಾಗಲೇ ಅಂಥ ಆಕರಗಳಾಗಿವೆ. ಆದರೆ ಆ ಸಂಖ್ಯೆಯು ರೋಗದ ಅಳತೆಯೋ, ಪರೀಕ್ಷೆಯ ಅಳತೆಯೋ ಎಂಬುದನ್ನು ನಿರ್ಣಯಿಸದೆ ಅದನ್ನು ಉಪಯೋಗಿಸುವುದು, ಶಾಸನದ ಕಾಲವನ್ನು ಪರಿಶೀಲಿಸದೆ ಅದರ ಮಾತನ್ನು ಒಪ್ಪಿಕೊಂಡಂತೆಯೇ ಸರಿ. ಪರೀಕ್ಷೆಯೇ ನಡೆಯದ ಊರಿನಲ್ಲಿ ರೋಗವಿರಲಿಲ್ಲವೆಂದು ನಾವು ಬರೆದೆವಾದರೆ, ಅಲ್ಲಿ ನರಳಿದವರೂ ಸತ್ತವರೂ ಲೆಕ್ಕದಿಂದ ಶಾಶ್ವತವಾಗಿ ಬಿಟ್ಟುಹೋಗುತ್ತಾರೆ.

ಒಟ್ಟು ಪರೀಕ್ಷೆಗಳ ಸಂಖ್ಯೆಯೊಂದರಿಂದಲೇ ಈ ನಿರ್ಣಯ ಸಾಧ್ಯವಿಲ್ಲ. ಸಮಾನ ಜನಸಂಖ್ಯೆಯ ಎರಡು ಊರುಗಳಲ್ಲಿ ತಲಾ 1000 ಪರೀಕ್ಷೆಗಳಾದುವೆಂದು ಭಾವಿಸೋಣ. ಒಂದರಲ್ಲಿ 20 ಜನರಿಗೂ, ಇನ್ನೊಂದರಲ್ಲಿ 300 ಜನರಿಗೂ ಸೋಂಕು ದೃಢಪಟ್ಟರೆ, ಎರಡನೆಯ ಊರಿನಲ್ಲಿ ಪರೀಕ್ಷೆಯು ಬಹುಮಟ್ಟಿಗೆ ಕಣ್ಣಿಗೆ ಬಿದ್ದ ರೋಗಿಗಳನ್ನಷ್ಟೇ ಮುಟ್ಟಿರುವ ಸಂಭವ ಹೆಚ್ಚು. ಹೀಗೆ ನೂರು ಪರೀಕ್ಷೆಗಳಲ್ಲಿ ಎಷ್ಟು ದೃಢಪಟ್ಟುವು ಎಂಬ ಲೆಕ್ಕವನ್ನು ಪಾಸಿಟಿವಿಟಿ ದರವೆನ್ನುತ್ತಾರೆ. ತಕ್ಕಷ್ಟು ವಿಸ್ತಾರವಾಗಿ ಪರೀಕ್ಷೆ ನಡೆಯುತ್ತಿರುವಲ್ಲಿ, ಈ ದರವು ಎರಡು ವಾರಗಳ ಕಾಲ ಶೇಕಡಾ 5ಕ್ಕಿಂತ ಕಡಿಮೆಯಿರುವುದು ರೋಗವು ಹತೋಟಿಗೆ ಬಂದುದರ ಲಕ್ಷಣಗಳಲ್ಲೊಂದೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮೇ ತಿಂಗಳಲ್ಲಿ ಸೂಚಿಸಿತು. 2021ರ ಮೇ ತಿಂಗಳಲ್ಲಿ ಕರ್ನಾಟಕದ ದೈನಂದಿನ ದರವು ಶೇಕಡಾ 30ನ್ನು ದಾಟಿದ್ದಿತು. ಆ ದಿನಗಳ ಸೋಂಕಿತರ ಸಂಖ್ಯೆಯನ್ನು ಕನಿಷ್ಠ ಮಿತಿಯೆಂದೇ ತಿಳಿಯತಕ್ಕದ್ದು.

ಆದರೂ ಈ ದರವೊಂದನ್ನೇ ನಂಬುವಂತಿಲ್ಲ. ಯಾರನ್ನು ಪರೀಕ್ಷಿಸಲಾಯಿತು ಎಂಬುದರ ಮೇಲೆ ಅದು ಏರಿಳಿಯುತ್ತದೆ. ಸೋಂಕಿನ ಸಂಭವ ಕಡಿಮೆಯಿರುವವರನ್ನೇ ಹೆಚ್ಚಾಗಿ ಪರೀಕ್ಷಿಸಿದರೆ ದರವು ಸುಲಭವಾಗಿ ಇಳಿಯುತ್ತದೆ. ರ‍್ಯಾಪಿಡ್ ಆಂಟಿಜೆನ್ ಪರೀಕ್ಷೆಯು ಆರ್‌ಟಿ-ಪಿಸಿಆರ್‌ಗಿಂತ ಹೆಚ್ಚು ಸೋಂಕಿತರನ್ನು ತಪ್ಪಿಸಿಬಿಡುತ್ತದೆಯಾದುದರಿಂದ, ಎರಡನ್ನೂ ಕೂಡಿಸಿದ ಲೆಕ್ಕದಲ್ಲಿ ಎಚ್ಚರ ಅಗತ್ಯ. ಲಕ್ಷಣವುಳ್ಳವರನ್ನು ಮಾತ್ರ ಪರೀಕ್ಷಿಸಿದರೆ ಏನು ತಪ್ಪುತ್ತದೆಂಬುದಕ್ಕೆ ಇಟಲಿಯ ವೋ ಎಂಬ ಸಣ್ಣ ಊರು ನಿದರ್ಶನ. 2020ರ ಫೆಬ್ರವರಿಯಲ್ಲಿ ಅಲ್ಲಿನ ನಿವಾಸಿಗಳಲ್ಲಿ ಬಹುಪಾಲಿನವರನ್ನು ಪರೀಕ್ಷಿಸಿದಾಗ ಶೇಕಡಾ 2.6 ಮಂದಿಗೆ ಸೋಂಕು ಕಂಡುಬಂದಿತು; ಎರಡು ಸುತ್ತಿನ ಪರೀಕ್ಷೆಯಲ್ಲಿ ಸಿಕ್ಕ ಸೋಂಕಿತರಲ್ಲಿ ಶೇಕಡಾ 40ಕ್ಕೂ ಹೆಚ್ಚು ಮಂದಿಗೆ ಯಾವ ಲಕ್ಷಣವೂ ಇರಲಿಲ್ಲ.

ಇನ್ನೊಂದು ಸಾಕ್ಷ್ಯವುಂಟು. ರಕ್ತದಲ್ಲಿ ಉಳಿಯುವ ಪ್ರತಿಕಾಯಗಳಿಂದ ಹಿಂದಿನ ಸೋಂಕನ್ನು ಗುರುತಿಸಬಹುದು. 2020ರ ಸೆಪ್ಟೆಂಬರಿನಲ್ಲಿ ಕರ್ನಾಟಕದಲ್ಲಿ ನಡೆದ ಸಮೀಕ್ಷೆಯು ಹಿಂದಿನ ಹಾಗೂ ಆಗಿನ ಸೋಂಕನ್ನು ಕೂಡಿಸಿ, ಜನರಲ್ಲಿ ಶೇಕಡಾ 27.3ರಷ್ಟು, ಎಂದರೆ ಸುಮಾರು 1.93 ಕೋಟಿ ಮಂದಿಗೆ ಸೋಂಕು ತಗುಲಿತ್ತೆಂದು ಅಂದಾಜುಮಾಡಿತು. ಆ ಹೊತ್ತಿಗೆ ದಾಖಲಾದ ಸೋಂಕಿತರು 5 ಲಕ್ಷವನ್ನು ಮುಟ್ಟಿರಲಿಲ್ಲ. ಪ್ರತಿಯೊಬ್ಬ ದಾಖಲಿತನಿಗೆ ಸುಮಾರು ನಲವತ್ತು ಸೋಂಕುಗಳೆಂದಾಯಿತು. ಇದರಿಂದ ಪರೀಕ್ಷೆಯು ವ್ಯರ್ಥವಾಯಿತೆಂದು ಹೇಳಲಾಗದು. ಎಲ್ಲರನ್ನೂ ಎಣಿಸುವುದಲ್ಲ, ಸೋಂಕಿತರನ್ನು ಸಕಾಲದಲ್ಲಿ ಗುರುತಿಸಿ ಹರಡುವಿಕೆಯನ್ನು ತಡೆಯುವುದೇ ಅದರ ಮುಖ್ಯ ಉದ್ದೇಶ. ಆದರೆ ಪರೀಕ್ಷೆಯ ಪಟ್ಟಿಯನ್ನೇ ರೋಗದ ಪಟ್ಟಿಯೆಂದು ತಿಳಿಯುವುದು ತಪ್ಪೆಂಬುದು ಇದರಿಂದ ಸ್ಪಷ್ಟ.

ಆದಕಾರಣ ಈ ಆಕರಗಳನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಯು ಮೂರು ಪ್ರಶ್ನೆಗಳನ್ನು ಮೊದಲೇ ಹಾಕಿಕೊಳ್ಳತಕ್ಕದ್ದು: ಯಾರನ್ನು ಪರೀಕ್ಷಿಸಿದರು, ಯಾವ ವಿಧಾನದಿಂದ ಪರೀಕ್ಷಿಸಿದರು, ನೂರರಲ್ಲಿ ಎಷ್ಟು ದೃಢಪಟ್ಟುವು. ಇವಕ್ಕೆ ಉತ್ತರ ದೊರೆತ ಮೇಲೆಯೇ ಜಿಲ್ಲೆ ಜಿಲ್ಲೆಗಳ ಹೋಲಿಕೆಗೆ ನಾವು ಕೈಹಾಕಬಹುದು.