ಇಂಗ್ಲಿಷ್ ಇ-ಮೇಲ್‌ನಲ್ಲಿ ಕ್ರಿಯಾಪದದ ಕಾಲ: ಉದ್ದಿಮೆದಾರರು ಅರಿಯಬೇಕಾದುದು

ಜಯನಗರ, ಜೆ.ಪಿ. ನಗರ, ಬನಶಂಕರಿಗಳ ಸಣ್ಣ ಉದ್ದಿಮೆದಾರರು ಹೊರ ರಾಜ್ಯಗಳ ಗ್ರಾಹಕರಿಗೆ ಬರೆಯುವ ಇಂಗ್ಲಿಷ್ ಇ-ಮೇಲ್‌ಗಳು ಕೇವಲ ಸೌಜನ್ಯದ ಪತ್ರಗಳಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 10ಎ ಕಲಮಿನ ಪ್ರಕಾರ, ವಿದ್ಯುನ್ಮಾನ ರೂಪದಲ್ಲಿ ಏರ್ಪಟ್ಟಿತೆಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದು. 2010ರ ಟ್ರೈಮೆಕ್ಸ್–ವೇದಾಂತ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇ-ಮೇಲ್ ವಿನಿಮಯದಿಂದಲೇ ಕರಾರು ಪೂರ್ಣಗೊಂಡಿತೆಂದು ತೀರ್ಮಾನಿಸಿತು. ಆದುದರಿಂದ ಕ್ರಿಯಾಪದದ ಕಾಲಕ್ಕೂ ಬೆಲೆಯುಂಟು.

ಕನ್ನಡದ ‘ಕಳುಹಿಸುತ್ತೇವೆ’ ಎಂಬ ಒಂದೇ ರೂಪ ವರ್ತಮಾನಕ್ಕೂ ಭವಿಷ್ಯಕ್ಕೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ‘ವಿ ಸೆಂಡ್’ ಎಂದರೆ ವಾಡಿಕೆ. ‘ವಿ ವಿಲ್ ಸೆಂಡ್’ ಎಂದರೆ ಮುಂದಿನ ಭರವಸೆ. ‘ವಿ ಹ್ಯಾವ್ ಸೆಂಟ್’ ಎಂದರೆ ಸರಕು ಈಗಾಗಲೇ ಹೊರಟಿದೆ. ದಿನಾಂಕವನ್ನು ನಮೂದಿಸುವಾಗ ‘ಹ್ಯಾವ್’ ಸಲ್ಲದು. ‘ವಿ ಸೆಂಟ್ ದ ಗೂಡ್ಸ್ ಆನ್ ಜೂನ್ 5’ ಎಂಬುದೇ ಸರಿ. ಲಾರಿಗೆ ಏರದ ಸರಕಿನ ಬಗ್ಗೆ ‘ಹ್ಯಾವ್ ಸೆಂಟ್’ ಎಂದು ಬರೆದರೆ, ವಿವಾದ ಬಂದಾಗ ಆ ವಾಕ್ಯವೇ ಬರೆದವರ ವಿರುದ್ಧ ಸಾಕ್ಷ್ಯವಾದೀತು.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯಂತೆ ನೋಂದಾಯಿತ ಸಣ್ಣ ತಯಾರಕರಿಗೆ ಹಣ ಪಾವತಿಯಾಗಬೇಕಾದ ಗರಿಷ್ಠ ಅವಧಿ, ಸರಕಿನ ಸ್ವೀಕೃತಿಯಿಂದ 45 ದಿನ. ಸರಕು ತಲುಪಿದ ದಿನವನ್ನು ಬಿಲ್ ಸಂಖ್ಯೆಯೊಡನೆ ಭೂತಕಾಲದಲ್ಲಿ ದಾಖಲಿಸಿದ ಇ-ಮೇಲ್, ಆ ಎಣಿಕೆಗೆ ಉತ್ತಮ ಆಧಾರ.